ಬಳ್ಳಾರಿ ಬಿಸಿಲಲ್ಲಿ ಟೆಂಟ್ ಉಳಿಸಿಕೊಳ್ಳುವುದು ಹೇಗೆ

ಟೆಂಟ್ ಹಾಳಾಗುವುದು ಬಹಳಷ್ಟು ಸಲ ಮನೆಯಲ್ಲೇ. ವರ್ಷದಲ್ಲಿ ಕೆಲವೇ ರಾತ್ರಿ ಅದು ಹೊರಗೆ ನಿಂತಿರುತ್ತದೆ. ಉಳಿದ ದಿನವೆಲ್ಲ ಬಿಗಿ ಚೀಲದೊಳಗೆ ಸುತ್ತಿಕೊಂಡು ಅಟ್ಟದ ಮೇಲೋ ಕಾರಿನ ಡಿಕ್ಕಿಯಲ್ಲೋ ಬಿದ್ದಿರುತ್ತದೆ. ಬೇಸಿಗೆಯಲ್ಲಿ ಬಳ್ಳಾರಿ, ರಾಯಚೂರಿನ ಬಿಸಿಲು 40 ಡಿಗ್ರಿ ದಾಟುವುದು ನಮಗೆಲ್ಲ ಗೊತ್ತೇ ಇದೆ. ಮುಚ್ಚಿದ ಡಿಕ್ಕಿಯೊಳಗೆ, ತಗಡಿನ ಶೆಡ್ ಒಳಗೆ ಅದಕ್ಕಿಂತ ಜಾಸ್ತಿ. ಆ ಬಿಸಿಗೆ ಚೂರು ತೇವ ಸೇರಿಕೊಂಡರೆ ಮುಗಿಯಿತು.

ನಾನು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವನು. ಚಳಿಗಾಲ ಬಂತೆಂದರೆ ಗೆಳೆಯರ ಜೊತೆ ಕಂಪ್ಲಿ, ಗಂಗಾವತಿ ದಾಟಿ ಸಾಣಾಪುರದ ಕಡೆ ಹೋಗುತ್ತೇನೆ. ಮಳೆ ನಿಂತ ಮೇಲೆ ಸಂಡೂರಿನ ಕಡೆ. ಪರಿಚಯದ ರೈತರ ಹೊಲದಲ್ಲಿ, ಅವರನ್ನು ಕೇಳಿಯೇ ಟೆಂಟ್ ಹಾಕುತ್ತೇವೆ. ಅರಣ್ಯ ಇಲಾಖೆಯ ಜಾಗಕ್ಕೆ ಅನುಮತಿ ಇಲ್ಲದೆ ಕಾಲಿಡುವುದಿಲ್ಲ. ಮಷೀನ್ ಮುಂದೆ ಕೂರುವವನು ಅಂತ ಓಣಿಯವರು, ಗೆಳೆಯರ ಗೆಳೆಯರು ಹರಿದ ಟೆಂಟ್, ಕೆಟ್ಟ ಚೈನು ಎಲ್ಲ ನನ್ನ ಹತ್ತಿರವೇ ತರುತ್ತಾರೆ. ಹಾಗಾಗಿ ಟೆಂಟ್ ಎಲ್ಲಿ ಕೆಡುತ್ತದೆ ಅನ್ನುವುದನ್ನು ಹತ್ತಿರದಿಂದ ನೋಡುತ್ತಾ ಬಂದಿದ್ದೇನೆ.

ಒಂದು ಬೇಸಿಗೆಯಲ್ಲಿ ಒಬ್ಬರು ಚೈನು ರಿಪೇರಿಗೆ ಟೆಂಟ್ ತಂದರು. ಜಾಸ್ತಿ ಬಳಸಿದ್ದಲ್ಲ, ಬಣ್ಣ ಕೂಡ ಮಾಸಿರಲಿಲ್ಲ. ಚೀಲದ ಬಾಯಿ ಬಿಚ್ಚಿದ ಕೂಡಲೇ ಗಪ್ಪಂತ ಹುಳಿ ವಾಸನೆ. ಬಟ್ಟೆ ಬಿಡಿಸಲು ಹೋದರೆ ಪದರಗಳು ಒಂದಕ್ಕೊಂದು ಕಚ್ಚಿಕೊಂಡು ಚರ್ ಚರ್ ಸದ್ದು. ಒಳಮೈ ಮುಟ್ಟಿದರೆ ಬೆರಳಿಗೆ ಅಂಟು. ಉಜ್ಜಿದ ಕಡೆಯೆಲ್ಲ ಬಿಳಿ ಪೊರೆ ಉದುರುತ್ತಿತ್ತು. ಚೈನು ಹಾಕಿ ಏನು ಪ್ರಯೋಜನ? ಹಾಗೇ ವಾಪಸ್ ಕೊಟ್ಟೆ. ಒಳ್ಳೆ ಬಟ್ಟೆ ಹಾಗೆ ಹೋಗಿದ್ದು ನೋಡಿ ಹೊಟ್ಟೆ ಉರಿಯಿತು.

ಆಗಿದ್ದು ಏನೆಂದರೆ, ಟೆಂಟಿನ ಬಟ್ಟೆ ಪಾಲಿಯೆಸ್ಟರ್ ಇಲ್ಲವೇ ನೈಲಾನ್. ಬರೀ ಬಟ್ಟೆ ನೀರು ತಡೆಯುವುದಿಲ್ಲ. ಅದಕ್ಕೇ ಹೆಚ್ಚಿನ ಟೆಂಟುಗಳ ಒಳಮೈಗೆ ಪಾಲಿಯುರೆಥೇನ್ ಎಂಬ ಪದಾರ್ಥವನ್ನು ತೆಳುವಾಗಿ ಬಳಿದಿರುತ್ತಾರೆ. ಮಳೆ ಒಳಗೆ ಬಾರದಂತೆ ತಡೆಯುವುದು ಆ ಲೇಪ. ತೇವ ಬಹಳ ದಿನ ಅದಕ್ಕೆ ಅಂಟಿಕೊಂಡಿದ್ದರೆ ಲೇಪ ಒಳಗೊಳಗೇ ಒಡೆಯುತ್ತಾ ಹೋಗುತ್ತದೆ. ಬಿಸಿ ಇದ್ದಷ್ಟೂ ಬೇಗ ಒಡೆಯುತ್ತದೆ. ಮೊದಲು ಅಂಟು, ಆಮೇಲೆ ವಾಸನೆ, ಕೊನೆಗೆ ಪೊರೆ ಏಳುವುದು. ಅಲ್ಲಿಗೆ ಹೋದ ಮೇಲೆ ಅದನ್ನು ಮೊದಲಿನ ಹಾಗೆ ಮಾಡಲು ಆಗುವುದಿಲ್ಲ. ಬೂಷ್ಟು ಬೇರೆ. ಒದ್ದೆ ಟೆಂಟನ್ನು ಒಂದೆರಡು ದಿನ ಕಟ್ಟಿಟ್ಟರೆ ಸಾಕು, ಕಪ್ಪು ಚುಕ್ಕೆ ಶುರುವಾಗುತ್ತದೆ. ಆ ಕಲೆ ಪೂರ್ತಿ ಹೋಗುವುದು ಕಷ್ಟ.

ಹೊರಡುವ ದಿನ ಬೆಳಿಗ್ಗೆ

"ಮಳೆನೇ ಬಂದಿಲ್ಲ, ಒಣಗೇ ಇದೆ" ಅಂತ ಎದ್ದ ಕೂಡಲೇ ಸುತ್ತಿಬಿಡುವವರು ತುಂಬ ಜನ. ಡಿಸೆಂಬರ್, ಜನವರಿಯಲ್ಲಿ ಸಾಣಾಪುರದ ಹತ್ತಿರ ಮಲಗಿ ನೋಡಿ. ಒಂದು ಕಡೆ ಕೆರೆ, ಇನ್ನೊಂದು ಕಡೆ ನೀರು ನಿಂತ ಭತ್ತದ ಗದ್ದೆ. ಹೊರಗಿನಿಂದ ಇಬ್ಬನಿ ಬೀಳುತ್ತದೆ. ಒಳಗೆ ಮಲಗಿದವರ ಉಸಿರಿನ ಹಬೆಯೆಲ್ಲ ತಣ್ಣಗಾದ ಬಟ್ಟೆಗೆ ತಾಗಿ ನೀರಾಗುತ್ತದೆ. ಬೆಳಿಗ್ಗೆ ಮೇಲಿನ ಹೊದಿಕೆಯ, ಅಂದರೆ ಒಳಗಿನ ಟೆಂಟಿನ ಮೇಲೆ ಮಳೆ ತಡೆಯಲು ಹಾಕುವ ಬಟ್ಟೆಯ, ಒಳಮೈ ಮೇಲೆ ಬೆರಳು ಎಳೆಯಿರಿ, ಹನಿ ಇಳಿಯುತ್ತದೆ. ನೆಲಕ್ಕೆ ತಾಗಿದ ಅಡಿಭಾಗ ಇನ್ನೂ ಒದ್ದೆ.

ಚಹಾಕ್ಕೆ ನೀರಿಡುವ ಮೊದಲೇ ಮೇಲಿನ ಹೊದಿಕೆ ತೆಗೆದುಬಿಡಿ. ಒಳಮೈ ಹೊರಗೆ ಮಾಡಿ, ಎರಡು ಮರದ ನಡುವೆ ಹಗ್ಗ ಕಟ್ಟಿ ಹಾಕಿ. ಮರ ಇಲ್ಲದಿದ್ದರೆ ಎರಡು ಬೈಕ್ ಎದುರುಬದುರು ನಿಲ್ಲಿಸಿ ಹಗ್ಗ ಕಟ್ಟಿದರೂ ಆಯಿತು. ಬಂಡೆ ಮೇಲೆ ಎಳೆದು ಹಾಸಬೇಡಿ. ನಮ್ಮ ಕಡೆಯ ಬಂಡೆ ಮೇಲುನೋಟಕ್ಕೆ ನುಣ್ಣಗೆ ಕಂಡರೂ ಅದರ ಮೈಯೆಲ್ಲ ಹರಳು. ಎಳೆದರೆ ಬಟ್ಟೆಯ ಎಳೆ ಕೀಳುತ್ತದೆ.

ಆಮೇಲೆ ಒಳಗಿನ ಟೆಂಟ್. ಗುಮ್ಮಟದಂಥ ಟೆಂಟಾದರೆ ಕೋಲು ತೆಗೆಯುವ ಮೊದಲು ಗೂಟ ಬಿಚ್ಚಿ, ಬಾಗಿಲು ತೆರೆದು, ಇಬ್ಬರು ಎತ್ತಿ ಬಾಗಿಲು ಕೆಳಗೆ ಮಾಡಿ ಕೊಡವಿ. ಮರಳು, ಹುಲ್ಲು, ಮಂಡಕ್ಕಿ ಎಲ್ಲ ಉದುರುತ್ತದೆ. ಹಾಗೇ ಅಡ್ಡ ಮಲಗಿಸಿ ಅಡಿಭಾಗವನ್ನು ಬಿಸಿಲಿಗೆ ತೋರಿಸಿ. ನಮ್ಮ ಎಂಟು ಗಂಟೆ ಬಿಸಿಲಿಗೆ ಅರ್ಧ ತಾಸು ಸಾಕು. ಒಣಗಿತು ಅಂದ ಮೇಲೆ ತೆಗೆಯಿರಿ, ಮಧ್ಯಾಹ್ನದವರೆಗೆ ಬಿಡಬೇಡಿ. ಸುಡುಬಿಸಿಲಿನ ನೇರಳಾತೀತ ಕಿರಣ ನೈಲಾನ್, ಪಾಲಿಯೆಸ್ಟರ್ ಎರಡರ ಎಳೆಯನ್ನೂ ದಿನೇದಿನೇ ಸಡಿಲ ಮಾಡುತ್ತದೆ.

ಒಣಗಿಸಲು ಪುರುಸೊತ್ತೇ ಇಲ್ಲವೇ? ಒದ್ದೆ ಹೊದಿಕೆಯನ್ನು ಬೇರೆ ಚೀಲಕ್ಕೆ ತುಂಬಿಕೊಂಡು ಬನ್ನಿ. ಒಳಗಿನ ಟೆಂಟಿನ ಜೊತೆ ಸೇರಿಸಬೇಡಿ. ಮನೆಗೆ ಬಂದ ದಿನವೇ ಬಿಚ್ಚಿ.

ಮುಳ್ಳು, ಮಣ್ಣು

ಬಳ್ಳಾರಿ ಜಾಲಿ ಇಲ್ಲದ ಬಯಲು ನಮ್ಮ ಕಡೆ ಹುಡುಕಬೇಕು. ಟೆಂಟ್ ಹಾಕುವ ಮೊದಲು ಎಲ್ಲರೂ ಜಾಗ ಗುಡಿಸುತ್ತಾರೆ. ಸುತ್ತುವಾಗ ಮಾತ್ರ ಮರೆಯುತ್ತಾರೆ. ಒಂದೇ ಒಂದು ಮುಳ್ಳು ಸುತ್ತಿನೊಳಗೆ ಸೇರಿಕೊಂಡರೆ ಸಾಕು, ಮೊಣಕಾಲು ಊರಿ ಒತ್ತಿದಾಗ ಅದು ಹಲವು ಪದರ ತೂರಿಕೊಂಡು ಹೋಗುತ್ತದೆ. ಮುಂದಿನ ಸಲ ಬಿಚ್ಚಿದಾಗ ಅಡಿಭಾಗದಲ್ಲಿ ಸಾಲಾಗಿ ತೂತು, ತೂತಿಂದ ತೂತಿಗೆ ಹೆಚ್ಚುಕಡಿಮೆ ಅದೇ ಅಂತರ. ಅಂಥ ಸಾಲು ಕಂಡರೆ ಇದು ನೆಲದಲ್ಲಿ ಚುಚ್ಚಿದ್ದಲ್ಲ, ಚೀಲದಲ್ಲಿ ಚುಚ್ಚಿದ್ದು ಅಂತ ನನಗೆ ತಿಳಿದುಬಿಡುತ್ತದೆ.

ಅದಕ್ಕೇ ಮಡಚುವ ಜಾಗಕ್ಕೆ ಮೊದಲು ತಾಡಪತ್ರಿ ಹಾಸಿ, ಅದನ್ನೂ ಕೊಡವಿ ಹಾಸಿ. ಟೆಂಟಿನ ಅಡಿಭಾಗದ ಮೇಲೆ ಅಂಗೈಯನ್ನು ಮೆಲ್ಲಗೆ ಆಡಿಸಿ. ನೆಗ್ಗಿಲ ಮುಳ್ಳು ಕಣ್ಣಿಗೆ ಬೀಳುವುದಿಲ್ಲ, ಕೈಗೆ ಸಿಗುತ್ತದೆ.

ಎರೆ ಮಣ್ಣು ಮೆತ್ತಿದ್ದರೆ ಹಸಿಯಿದ್ದಾಗ ಒರೆಸಲು ಹೋಗಬೇಡಿ. ಇನ್ನಷ್ಟು ಬಳಿದಂತಾಗುತ್ತದೆ. ಒಣಗಲು ಬಿಡಿ, ಆಮೇಲೆ ಹಿಂದಿನಿಂದ ತಟ್ಟಿದರೆ ಹೆಕ್ಕಳಿಕೆಯಾಗಿ ಬೀಳುತ್ತದೆ. ಸಂಡೂರಿನ ಕೆಂಪು ಧೂಳಿನ ಕಥೆಯೇ ಬೇರೆ. ಹಿಟ್ಟಿನಷ್ಟು ನುಣುಪು, ಚೈನಿನ ಹಲ್ಲಿನೊಳಗೆ ಹೋಗಿ ಕೂರುತ್ತದೆ. ಹಳೆ ಹಲ್ಲುಜ್ಜುವ ಬ್ರಷ್ ಒಂದನ್ನು ಟೆಂಟಿನ ಚೀಲದಲ್ಲೇ ಇಟ್ಟುಕೊಳ್ಳಿ. ಚೈನಿನ ಉದ್ದಕ್ಕೂ ಒಣ ಬ್ರಷ್ ಆಡಿಸಿಯೇ ಸುತ್ತಿ.

ಕೋಲು, ಗೂಟ, ಸುತ್ತುವುದು

ಕೋಲನ್ನು ಬಟ್ಟೆಯ ತೋಳಿನಿಂದ ಎಳೆಯಬೇಡಿ, ಒಂದು ತುದಿಯಿಂದ ತಳ್ಳಿ. ಎಳೆದರೆ ತುಂಡುಗಳು ಮಧ್ಯದಲ್ಲಿ ಕಳಚಿ ಬಟ್ಟೆಗೆ ಸಿಕ್ಕಿಕೊಳ್ಳುತ್ತವೆ. ಮಡಚುವಾಗ ನಡುವಿನ ಕೀಲಿನಿಂದ ಶುರುಮಾಡಿ, ಅಲ್ಲಿಂದ ಎರಡೂ ತುದಿಯ ಕಡೆ ಹೋಗಿ. ಆಗ ಕೋಲಿನ ತುಂಡುಗಳನ್ನು ಒಳಗಿನಿಂದ ಜೋಡಿಸಿರುವ ಎಲಾಸ್ಟಿಕ್ ಎರಡೂ ಕಡೆ ಸಮ ಎಳೆತದಲ್ಲಿರುತ್ತದೆ. ತುದಿಯಿಂದ ಮಡಚುತ್ತಾ ಬಂದರೆ ಕೊನೆಯ ಕೀಲಿಗೆ ಬರುವಾಗ ಎಲಾಸ್ಟಿಕ್ ಪೂರ್ತಿ ಬಿಗಿದಿರುತ್ತದೆ, ಬೇಗ ಸೋಲುತ್ತದೆ.

ಗೂಟಗಳನ್ನು ಒರೆಸಿ, ಎಣಿಸಿ, ಬೇರೆ ಚೀಲಕ್ಕೆ ಹಾಕಿ. ಎಣಿಸುವುದು ನಮಗಾಗಿ ಅಷ್ಟೇ ಅಲ್ಲ. ಹೊಲದಲ್ಲಿ ಬಿಟ್ಟ ಒಂದು ಕಬ್ಬಿಣದ ಗೂಟ ಎತ್ತಿನ ಕಾಲಿಗೋ ಟ್ರ್ಯಾಕ್ಟರ್ ಟೈರಿಗೋ ಚುಚ್ಚುತ್ತದೆ. ಜಾಗ ಕೊಟ್ಟ ರೈತನಿಗೆ ಅಂಥ ತೊಂದರೆ ಕೊಡಬಾರದು.

ಒಳಗಿನ ಟೆಂಟನ್ನು ಉದ್ದಕ್ಕೆ ಹಾಸಿ, ಚೀಲದ ಅಗಲಕ್ಕೆ ಸರಿಯಾಗಿ ಮಡಚಿ. ಬಾಗಿಲ ಚೈನನ್ನು ಒಂದು ಗೇಣು ತೆರೆದಿಡಿ, ಒಳಗಿನ ಗಾಳಿ ಹೋಗಲು ದಾರಿ ಬೇಕಲ್ವಾ. ಬಾಗಿಲ ಎದುರು ಬದಿಯಿಂದ ಸುತ್ತುತ್ತಾ ಬಾಗಿಲ ಕಡೆ ಬನ್ನಿ. ಮಡಿಕೆಯ ಗೆರೆ ಪ್ರತಿ ಸಲ ಒಂದೇ ಕಡೆ ಬೀಳದ ಹಾಗೆ ನೋಡಿಕೊಳ್ಳಿ. ಬಹಳ ದಿನ ಮಡಚಿಟ್ಟ ಜೀನ್ಸ್ ಮಡಿಕೆಯ ಗೆರೆಯಲ್ಲೇ ಮೊದಲು ಬಿಳಿಚಿಕೊಳ್ಳುತ್ತದಲ್ಲ, ಟೆಂಟಿನ ಲೇಪವೂ ಹಾಗೇ ಆ ಗೆರೆಯಲ್ಲೇ ಮೊದಲು ಬಿರಿಯುತ್ತದೆ. ಮೇಲಿನ ಹೊದಿಕೆಯನ್ನಂತೂ ನಾನು ಮಡಚುವುದೇ ಇಲ್ಲ. ಹಿಡಿ ಹಿಡಿಯಾಗಿ ಚೀಲಕ್ಕೆ ತುರುಕುತ್ತೇನೆ. ನೋಡಲು ಚಂದ ಇರುವುದಿಲ್ಲ, ಆದರೆ ಒಂದೇ ಕಡೆ ಗೆರೆ ಬೀಳುವುದಿಲ್ಲ.

ಮನೆಗೆ ಬಂದ ಮೇಲೆ

ಒಣಗಿಸಿಯೇ ತಂದಿದ್ದರೂ ಇನ್ನೊಮ್ಮೆ ಬಿಚ್ಚಿ. ಸಂಜೆ ಬಿಸಿಲು ಇಳಿದ ಮೇಲೆ ಮಾಳಿಗೆ ಮೇಲೆ, ಇಲ್ಲವೇ ರಾತ್ರಿಯೆಲ್ಲ ಹಾಲ್‌ನಲ್ಲಿ ಫ್ಯಾನಿನ ಕೆಳಗೆ ಹರಡಿ. ನಡುಭಾಗ ಮುಟ್ಟಿ ಒಣಗಿದೆ ಅಂದುಕೊಳ್ಳಬೇಡಿ, ಅದು ಮೊದಲು ಒಣಗುವ ಜಾಗ. ನಾಲ್ಕೂ ಮೂಲೆಯಲ್ಲಿ ಹೊಲಿಗೆಗಳು ಸೇರುವಲ್ಲಿ, ಗೂಟ ಸಿಕ್ಕಿಸುವ ದಪ್ಪ ಪಟ್ಟಿಯನ್ನು ಹಾಕಿ ಹೊಲಿದಿರುವಲ್ಲಿ ಹಿಡಿದು ನೋಡಿ. ಅಲ್ಲಿ ಬಟ್ಟೆಯ ಪದರ ಜಾಸ್ತಿ. ಉಳಿದದ್ದೆಲ್ಲ ಗರಿಗರಿ ಆದಮೇಲೂ ಅಲ್ಲಿ ತಣ್ಣಗೆ ತಾಗುತ್ತದೆ. ತಣ್ಣಗಿದ್ದರೆ ಇನ್ನೂ ತೇವ ಇದೆ ಎಂದೇ ಅರ್ಥ.

ತೊಳೆಯುವುದು ತೀರಾ ಕೊಳೆಯಾದಾಗ ಮಾತ್ರ. ವಾಷಿಂಗ್ ಮಷೀನ್ ಬೇಡ, ಬಟ್ಟೆ ಸೋಪಿನ ಪುಡಿ ಬೇಡ, ಗಟ್ಟಿ ಬ್ರಷ್ ಬೇಡ. ತಣ್ಣೀರು, ಸೌಮ್ಯ ಸೋಪು, ಸ್ಪಂಜು. ಸೋಪು ಪೂರ್ತಿ ಹೋಗುವವರೆಗೆ ನೀರು ಹಾಕಿ, ಹಿಂಡದೆ ನೇತುಹಾಕಿ.

ಈಗ ಇಡುವ ಚೀಲ. ಟೆಂಟಿನ ಜೊತೆ ಬರುವ ಬಿಗಿ ಚೀಲ ಪ್ರಯಾಣಕ್ಕೆ ಮಾತ್ರ. ಮನೆಯಲ್ಲಿ ಇಡಲು ದೊಡ್ಡದೊಂದು ಕಾಟನ್ ಚೀಲ ಹೊಲಿಸಿಕೊಳ್ಳಿ. ಬಳ್ಳಾರಿಯಲ್ಲಿ ಇದಕ್ಕೆ ಕಷ್ಟವೇ ಇಲ್ಲ. ಜೀನ್ಸ್ ಯೂನಿಟ್‌ಗಳಲ್ಲಿ ಜೇಬಿಗೆ ಹಾಕುವ ತೆಳು ಬಟ್ಟೆಯ ತುಂಡು ಮಿಗುತ್ತಿರುತ್ತದೆ. ಗಾಳಿ ಆಡುವ ಬಟ್ಟೆ ಅದು. ಮೂರು ನಾಲ್ಕು ಜನರ ಟೆಂಟಿಗೆ ಎರಡೂವರೆ ಅಡಿ ಅಗಲ, ಮೂರಡಿ ಉದ್ದ, ಬಾಯಿಗೆ ಲಾಡಿ. ಅಷ್ಟು ಸಾಕು. ಟೆಂಟನ್ನು ಸಡಿಲವಾಗಿ ತುಂಬಿ. ಕೋಲು, ಗೂಟ ಅದರೊಳಗೆ ಬೇಡ, ಪಕ್ಕದಲ್ಲಿ ಇರಲಿ. ಹೊಲಿಸುವ ಗೋಜೇ ಬೇಡ ಅನ್ನುವವರು ಹಳೆ ಕಾಟನ್ ಬೆಡ್‌ಶೀಟ್‌ನಲ್ಲಿ ಗಂಟು ಕಟ್ಟಿಡಿ. ಪ್ಲಾಸ್ಟಿಕ್ ಕವರು, ಗಾಳಿಯಾಡದ ಡಬ್ಬಿ ಬೇಡವೇ ಬೇಡ. ಉಳಿದ ಚೂರು ತೇವಕ್ಕೆ ಹೊರಹೋಗಲು ದಾರಿಯೇ ಇರುವುದಿಲ್ಲ.

ಎಲ್ಲಿ ಇಡಬೇಕು? ಮನೆಯಲ್ಲಿ ತಂಪಾದ ಜಾಗ ಯಾವುದು ಅಂತ ಕಂಡುಹಿಡಿಯಲು ಬೇಸಿಗೆಯ ಒಂದು ರಾತ್ರಿ ಎಂಟು ಗಂಟೆಗೆ ಗೋಡೆಗಳಿಗೆ ಅಂಗೈ ಇಟ್ಟು ನೋಡಿ. ಪಡುವಣ ಗೋಡೆ ಆಗಲೂ ಬಿಸಿ ಉಗುಳುತ್ತಿರುತ್ತದೆ. ಆರ್‌ಸಿಸಿ ಕೆಳಗಿನ ಅಟ್ಟವೂ ಅಷ್ಟೇ. ಒಳಕೋಣೆಯ ಬೀರುವಿನ ಕೆಳಗಿನ ಅರೆ ಒಳ್ಳೆ ಜಾಗ. ನೆಲಕ್ಕೆ ತಾಗಿಸಿ ಇಡಬೇಡಿ. ಹಳೆ ಮನೆಗಳಲ್ಲಿ ಗೆದ್ದಲು, ಮಳೆಗಾಲದಲ್ಲಿ ನೆಲದ ತೇವ. ಜೋಳ, ಅಕ್ಕಿ ಚೀಲದ ಪಕ್ಕವೂ ಬೇಡ, ಇಲಿ ಅಲ್ಲೇ ಓಡಾಡುವುದು. ಇಡುವ ಮೊದಲು ಟೆಂಟಿನ ಒಳಜೇಬು ತಡಕಿ. ಮಕ್ಕಳು ಬಿಸ್ಕತ್ತು, ಶೇಂಗಾ ಚಿಕ್ಕಿ ಅಲ್ಲೇ ಬಿಟ್ಟಿರುತ್ತಾರೆ. ಆ ತುಣುಕಿಗಾಗಿ ಇಲಿ ಬಟ್ಟೆಯನ್ನೇ ಕಡಿಯುತ್ತದೆ. ದರೋಜಿ ಸುತ್ತಮುತ್ತ ಕರಡಿ ಓಡಾಡುವ ಗುಡ್ಡಗಳಿವೆ, ಅಂಥ ಕಡೆ ಹೋಗುವವರ ಟೆಂಟಿಗೆ ತಿಂಡಿಯ ವಾಸನೆಯೇ ಇರಬಾರದು.

ನುಸಿಗುಳಿಗೆ ಹಾಕಬೇಡಿ. ಅದರ ವಾಸನೆ ಬಟ್ಟೆಗೆ ಹಿಡಿದರೆ ಬಿಡುವುದಿಲ್ಲ. ಆ ಗಾಳಿಯಲ್ಲೇ ನಾವು, ಮಕ್ಕಳು ರಾತ್ರಿಯೆಲ್ಲ ಮಲಗಬೇಕು, ಅದು ಆರೋಗ್ಯಕ್ಕೆ ಒಳ್ಳೆಯದಲ್ಲ. ಬೇಕೆಂದರೆ ಚೆನ್ನಾಗಿ ಒಣಗಿದ ಬೇವಿನ ಎಲೆಯನ್ನು ಬಟ್ಟೆಯಲ್ಲಿ ಕಟ್ಟಿ ಚೀಲದ ಹೊರಗಿಡಿ. ದಸರೆಗೆ ಮನೆ ಸ್ವಚ್ಛ ಮಾಡುವಾಗ ಒಮ್ಮೆ ಟೆಂಟ್ ಹೊರತೆಗೆದು ಗಾಳಿಗೆ ಹಾಕಿ. ಮಳೆಗಾಲದ ತೇವ ಏನಾದರೂ ಹಿಡಿದಿದ್ದರೆ ಹೋಗುತ್ತದೆ, ಚಳಿಗಾಲದ ತಿರುಗಾಟಕ್ಕೂ ಟೆಂಟ್ ಸಿದ್ಧ.

ಚೈನು ಎಳೆದರೂ ಹಿಂದೆ ಬಾಯಿ ಬಿಡುತ್ತಿದ್ದರೆ ಪೂರ್ತಿ ಚೈನು ಬದಲಿಸುವ ಅವಸರ ಬೇಡ. ಹೆಚ್ಚಿನ ಸಲ ರನ್ನರ್ ಸವೆದು ಅಗಲವಾಗಿರುತ್ತದೆ, ಅಷ್ಟೇ. ಸಣ್ಣ ಇಕ್ಕಳದಿಂದ ರನ್ನರಿನ ಒಂದು ಬದಿ, ಆಮೇಲೆ ಇನ್ನೊಂದು ಬದಿ, ಮೆಲ್ಲಗೆ ಒತ್ತಿ. ಒತ್ತಿ, ಎಳೆದು ನೋಡಿ, ಮತ್ತೆ ಒತ್ತಿ. ಜೋರಾಗಿ ಒತ್ತಿದರೆ ರನ್ನರ್ ಒಡೆಯುತ್ತದೆ. ತೂತು ಬಿದ್ದ ಕಡೆ ಸುಮ್ನೆ ಸೂಜಿ ಹಾಕಬೇಡಿ. ಹೊಲಿಯುವವನೇ ಹೇಳುತ್ತಿದ್ದೇನೆ, ಪ್ರತಿ ಟಾಕೆಯೂ ನೀರು ಇಳಿಯಲು ಹೊಸ ತೂತು. ಸಣ್ಣ ತೂತಿಗೆ ಟೆಂಟ್ ರಿಪೇರಿಯ ಅಂಟು ಪಟ್ಟಿ ಸಿಗುತ್ತದೆ. ಜಾಗ ಒರೆಸಿ ಒಣಗಿಸಿ, ಪಟ್ಟಿಯ ಮೂಲೆಗಳನ್ನು ದುಂಡಗೆ ಕತ್ತರಿಸಿ, ಎರಡೂ ಮೈಗೆ ಹಚ್ಚಿ. ಮೂಲೆ ಚೂಪಾಗಿದ್ದರೆ ಅಲ್ಲಿಂದಲೇ ಏಳುತ್ತದೆ.

ಇನ್ನು, ಟೆಂಟ್ ಇದೆ ಅಂತ ಗೊತ್ತಾದರೆ ಕೇಳುವವರು ಇದ್ದೇ ಇರುತ್ತಾರೆ. ಕೊಡಿ, ತಪ್ಪೇನಿಲ್ಲ. ಕೊಡುವಾಗ "ಒಣಗಿಸಿ ತನ್ನಿ" ಅಂತ ಹೇಳಿ, ಗೂಟ ಎಣಿಸಿ ಕೊಡಿ. ವಾಪಸ್ ಬಂದ ದಿನ ಅವರು ಎಷ್ಟೇ ನೀಟಾಗಿ ಸುತ್ತಿ ತಂದಿದ್ದರೂ ಚೀಲ ಬಿಚ್ಚಿ, ಮೂಲೆಯ ಹೊಲಿಗೆ ಮುಟ್ಟಿ ನೋಡಿ, ಅಂದು ರಾತ್ರಿಯೇ ಫ್ಯಾನ್ ಕೆಳಗೆ ಹರಡಿ.