ಮನೆಯ ಹಿರಿಯರು ಹೋದ ಮೇಲೆ: ವಾರಸಾ, ಬ್ಯಾಂಕು, ತೆರಿಗೆ – ಯಾವ ಕಾಗದ ಮೊದಲು?

ತಂದೆ ತೀರಿಕೊಂಡ ಮನೆಯವರನ್ನು ನೆಂಟರ ಎರಡು ಮಾತು ಬಹಳ ಹೆದರಿಸುತ್ತವೆ. ‘ಆಸ್ತಿ ನಿಮ್ಮ ಹೆಸರಿಗೆ ಬಂದ್ರ ಟ್ಯಾಕ್ಸ್ ಕಟ್ಟಬೇಕಾಗ್ತದ’ ಎಂಬುದು ಒಂದು, ‘ಕೋರ್ಟಿನಿಂದ ಪ್ರೊಬೇಟ್ ತರಬೇಕು’ ಎಂಬುದು ಇನ್ನೊಂದು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಬಹುತೇಕ ಕುಟುಂಬಗಳಿಗೆ ಇವೆರಡೂ ಅನ್ವಯಿಸುವುದಿಲ್ಲ.

ನಮ್ಮ ದೇಶದಲ್ಲಿ ವಾರಸಾ ಆಸ್ತಿಗೆ ತೆರಿಗೆ ಇತ್ತು, ನಿಜ. 1953ರಲ್ಲಿ ಬಂದ ಎಸ್ಟೇಟ್ ಡ್ಯೂಟಿ 1985ರಲ್ಲಿ ರದ್ದಾಯಿತು. ವಾರಸಾ ಹಕ್ಕಿನಿಂದಲೋ ಮೃತ್ಯುಪತ್ರದಿಂದಲೋ (ವಿಲ್) ಬಂದ ಹೊಲ, ಮನೆ, ಬಂಗಾರ, ಠೇವಣಿಗೆ ಪಡೆದವರು ಈಗ ಆದಾಯ ತೆರಿಗೆ ಕೊಡಬೇಕಿಲ್ಲ.

ಪ್ರೊಬೇಟ್ ಎಂದರೆ ಮೃತ್ಯುಪತ್ರ ಅಸಲಿ ಎಂದು ನ್ಯಾಯಾಲಯ ಕೊಡುವ ಮುದ್ರೆ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಹಿಂದೂಗಳ ವಿಲ್‌ಗೆ ಇದನ್ನು ಕಡ್ಡಾಯ ಮಾಡಿದ್ದು ಬಂಗಾಳದ ಕಡೆ ಮತ್ತು ಮುಂಬೈ, ಮದ್ರಾಸ್ ಹೈಕೋರ್ಟ್‌ಗಳ ಮೂಲ ಸಿವಿಲ್ ವ್ಯಾಪ್ತಿಯಲ್ಲಿ, ಅಂದರೆ ಹೈಕೋರ್ಟೇ ನೇರವಾಗಿ ಸಿವಿಲ್ ದಾವೆ ಕೇಳುವ ಪ್ರದೇಶದಲ್ಲಿ. ನಮ್ಮ ಜಿಲ್ಲೆಗಳು 1956ರವರೆಗೆ ಮುಂಬೈ ಆಡಳಿತದಲ್ಲೇ ಇದ್ದರೂ ಆ ವ್ಯಾಪ್ತಿ ಮುಂಬೈ ನಗರವನ್ನು ದಾಟಿ ಬಂದಿರಲಿಲ್ಲ. ಮುಂಬೈಯಲ್ಲಿ ಫ್ಲ್ಯಾಟ್ ಇರುವವರು ಮಾತ್ರ ಈಗಿನ ನಿಯಮವನ್ನು ಅಲ್ಲಿನ ವಕೀಲರಿಂದ ಕೇಳಿ ತಿಳಿಯಬೇಕು. ಇಲ್ಲಿ ವಿಲ್ ಬಗ್ಗೆ ಮನೆಯಲ್ಲೇ ತಕರಾರು ಇದ್ದರೆ ಜಿಲ್ಲಾ ನ್ಯಾಯಾಲಯದಲ್ಲಿ ಪ್ರೊಬೇಟ್ ಕೇಳಲು ಅವಕಾಶವಿದೆ. ವಿಲ್ ನೋಂದಣಿ ಆಗಿರಲೇಬೇಕೆಂದೇನಿಲ್ಲ, ಆದರೆ ಇಬ್ಬರು ಸಾಕ್ಷಿದಾರರ ಸಹಿ ಇರಲೇಬೇಕು. ಆ ಸಾಕ್ಷಿದಾರರು ಬದುಕಿದ್ದರೆ ಅವರ ವಿಳಾಸ, ಫೋನ್ ನಂಬರ್ ಇಂದೇ ಬರೆದಿಟ್ಟುಕೊಳ್ಳಿ.

ಮರಣ ಪ್ರಮಾಣಪತ್ರ

ಸಾವನ್ನು 21 ದಿನಗಳೊಳಗೆ ನೋಂದಾಯಿಸಬೇಕು. ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರೆ ಆಸ್ಪತ್ರೆಯವರೇ ಮಾಹಿತಿ ಕಳಿಸುತ್ತಾರೆ. ಮನೆಯಲ್ಲಿ ಸತ್ತರೆ ಮನೆಯವರೇ ಹೋಗಿ ಬರೆಸಬೇಕು. ದಿನಕರ್ಮದ ಓಡಾಟದಲ್ಲಿ ಈ ಅವಧಿ ಸರಿದುಹೋಗುತ್ತದೆ. 30 ದಿನ ದಾಟಿದರೆ ಅಧಿಕಾರಿಯ ಅನುಮತಿ, ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತದೆ.

ಹೆಸರನ್ನು ಬರೆಸುವಾಗ ಉತಾರ (ಹೊಲದ ಪಹಣಿ), ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್ ಮೂರನ್ನೂ ಎದುರಿಗಿಟ್ಟುಕೊಳ್ಳಿ. ಉತಾರದಲ್ಲಿ ಬಸಪ್ಪ, ಆಧಾರ್‌ನಲ್ಲಿ ಬಸವರಾಜ, ಪಾಸ್‌ಬುಕ್ಕಿನಲ್ಲಿ ಅಡ್ಡಹೆಸರೇ ಇಲ್ಲ – ನಮ್ಮ ಕಡೆ ಇದು ಮನೆಮನೆಯ ಕಥೆ. ಹೆಸರು ಬೇರೆಬೇರೆ ಇದ್ದರೆ ಎರಡೂ ಒಬ್ಬರವೇ ಎಂದು ನೋಟರಿ ಮುಂದೆ ಅಫಿಡವಿಟ್ ಮಾಡಿಸಿ. ಪ್ರಮಾಣಪತ್ರದ ಹಲವು ಪ್ರತಿಗಳನ್ನು ಒಮ್ಮೆಲೇ ತೆಗೆದುಕೊಳ್ಳಿ, ಮುಂದೆ ಪ್ರತಿ ಕಚೇರಿಯಲ್ಲೂ ಒಂದು ಕೇಳುತ್ತಾರೆ.

ವಂಶವೃಕ್ಷ: ಇಲ್ಲಿ ಒಂದು ಹೆಸರೂ ಬಿಡಬಾರದು

ಉಳಿದೆಲ್ಲ ಕೆಲಸ ನಿಲ್ಲುವುದು ಈ ಕಾಗದದ ಮೇಲೆ. ಹೋಬಳಿಯ ನಾಡಕಚೇರಿಯಲ್ಲಿ ಅರ್ಜಿ ಹಾಕಬೇಕು. ಮರಣ ಪ್ರಮಾಣಪತ್ರ, ಎಲ್ಲ ವಾರಸುದಾರರ ಆಧಾರ್, ಪಡಿತರ ಚೀಟಿ, ಅಫಿಡವಿಟ್ ಜೊತೆಗಿರಲಿ. ಗ್ರಾಮ ಆಡಳಿತ ಅಧಿಕಾರಿ – ಹಳಬರ ಬಾಯಲ್ಲಿ ಇನ್ನೂ ತಲಾಠಿ – ಊರಲ್ಲಿ ವಿಚಾರಿಸಿ, ಪಂಚರ ಹೇಳಿಕೆ ಪಡೆದು ವರದಿ ಕೊಡುತ್ತಾರೆ.

ಇಲ್ಲಿಯೇ ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗುವುದು. ‘ಲಗ್ನ ಆಗಿ ಗಂಡನ ಮನಿಗೆ ಹೋಗ್ಯಾಳ, ಆಕಿದೇನು?’ ಎಂದು ಅಣ್ಣತಮ್ಮಂದಿರು ತಮ್ಮ ಹೆಸರನ್ನಷ್ಟೇ ಬರೆಸುತ್ತಾರೆ. ಇದು ಅನ್ಯಾಯ, ಕಾನೂನಿನ ಎದುರು ನಿಲ್ಲುವಂಥದ್ದೂ ಅಲ್ಲ. ಹಿಂದೂ ಪುರುಷ ವಿಲ್ ಬರೆಯದೆ ತೀರಿಕೊಂಡರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಮತ್ತು ಮೃತರ ತಾಯಿ ಮೊದಲ ವರ್ಗದ ವಾರಸುದಾರರು ಎಂದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೇ ಹೇಳುತ್ತದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳು ಹುಟ್ಟಿನಿಂದಲೇ ಸಮಪಾಲುದಾರಳು ಎಂದು 2005ರ ತಿದ್ದುಪಡಿ ಹೇಳಿತು. 2005ರಲ್ಲಿ ತಂದೆ ಬದುಕಿದ್ದಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಮಗ ತೀರಿಕೊಂಡಾಗ ಮನೆಯ ಮೂಲೆಯಲ್ಲಿ ಕುಳಿತಿರುವ ಆಯಿಗೂ ಸೊಸೆಯಷ್ಟೇ ಪಾಲಿದೆ. ಅವಳನ್ನು ಮರೆಯುವವರೇ ಹೆಚ್ಚು. ಮುಸ್ಲಿಂ, ಕ್ರೈಸ್ತ ಕುಟುಂಬಗಳಲ್ಲಿ ಪಾಲಿನ ಲೆಕ್ಕ ಬೇರೆ, ಆದರೆ ಹೆಣ್ಣುಮಕ್ಕಳ ಹೆಸರು ಬಿಡುವಂತಿಲ್ಲ ಎಂಬುದು ಅಲ್ಲಿಯೂ ಅಷ್ಟೇ ನಿಜ.

ಅಕ್ಕತಂಗಿಯರು ತಾವಾಗಿಯೇ ಪಾಲು ಬೇಡ ಎಂದರೆ ಅದಕ್ಕೂ ದಾರಿ ಇದೆ. ಮೊದಲು ಅವರ ಹೆಸರು ವಾರಸಾದಲ್ಲಿ ಬರಲಿ. ಆಮೇಲೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರ ನೋಂದಣಿ ಆಗಲಿ. ಮನೆಯಲ್ಲಿ ಕುಳಿತು ಬಾಂಡ್ ಪೇಪರ್ ಮೇಲೆ ಹಾಕಿಸಿಕೊಂಡ ಸಹಿಯಿಂದ ಹೊಲದ ಹಕ್ಕು ಬಿಟ್ಟಂತಾಗುವುದಿಲ್ಲ. ಆ ಪತ್ರದಲ್ಲಿ ಏನಿದೆ ಎಂದು ಸಹಿ ಮಾಡುವ ಹೆಣ್ಣುಮಗಳಿಗೆ ಪೂರ್ತಿ ಓದಿ ಹೇಳಿ. ಅಷ್ಟಾದರೂ ಆಕೆಗೆ ಸಲ್ಲಬೇಕು.

ಉತಾರಕ್ಕೆ ವಾರಸಾ ಹಚ್ಚುವುದು

ಹೊಲದ ಪಹಣಿಯಲ್ಲಿ ಹೆಸರು ಬದಲಿಸುವುದು ಪೌತಿ ಖಾತೆ. ವಂಶವೃಕ್ಷ, ಮರಣ ಪ್ರಮಾಣಪತ್ರ, ಇತ್ತೀಚಿನ ಉತಾರ ಸೇರಿಸಿ ನಾಡಕಚೇರಿಗೇ ಅರ್ಜಿ ಕೊಡಿ. ಇದನ್ನು ಚುರುಕುಗೊಳಿಸಲು ಕಂದಾಯ ಇಲಾಖೆ ಇ-ಪೌತಿ ಆಂದೋಲನವನ್ನೂ ಶುರುಮಾಡಿದೆ. ಅರ್ಜಿ ಬಂದ ಮೇಲೆ ತಕರಾರಿಗೆ ನೋಟಿಸ್ ಹೊರಡುತ್ತದೆ. ಯಾರೂ ಆಕ್ಷೇಪಿಸದಿದ್ದರೆ ಎಲ್ಲ ವಾರಸುದಾರರ ಹೆಸರು ಜಂಟಿಯಾಗಿ ಏರುತ್ತದೆ. ತಕರಾರು ಬಂದರೆ ವಿಚಾರಣೆ ನಡೆಯುತ್ತದೆ. ಆದೇಶ ಒಪ್ಪಿಗೆಯಾಗದವರು ಉಪವಿಭಾಗಾಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ಚಿಕ್ಕೋಡಿ, ಬೈಲಹೊಂಗಲ, ಜಮಖಂಡಿ, ಇಂಡಿಯಲ್ಲೂ ಉಪವಿಭಾಗದ ಕಚೇರಿಗಳಿರುವುದರಿಂದ ಎಲ್ಲರೂ ಜಿಲ್ಲಾ ಕೇಂದ್ರಕ್ಕೆ ಓಡಬೇಕಿಲ್ಲ. ಉತಾರದಲ್ಲಿ ಹೆಸರು ಬಂದ ಮಾತ್ರಕ್ಕೆ ಒಡೆತನ ತೀರ್ಮಾನವಾಗುವುದಿಲ್ಲ. ಪಾಲಿನ ಜಗಳವಿದ್ದರೆ ಅದನ್ನು ಸಿವಿಲ್ ಕೋರ್ಟೇ ಬಗೆಹರಿಸಬೇಕು.

ಅಜ್ಜನ ಹೆಸರಿನಲ್ಲೇ ಉತಾರ ಬಿಟ್ಟುಕೊಂಡು ಮೊಮ್ಮಕ್ಕಳು ಹೊಲ ಹೂಡುತ್ತಿರುವ ಊರುಗಳು ನಮ್ಮಲ್ಲಿ ಬಹಳ. ಪಿಕೆಪಿಎಸ್‌ನಲ್ಲಿ (ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘ) ಬೆಳೆಸಾಲ, ಬೆಳೆವಿಮೆ, ಬೆಳೆಹಾನಿ ಪರಿಹಾರ ಎಲ್ಲವೂ ಆಗ ಅಡ್ಡಿಬೀಳುತ್ತವೆ. ಆಲಮಟ್ಟಿ ಹಿನ್ನೀರಿನ ಊರುಗಳವರು ಇನ್ನೂ ಎಚ್ಚರದಿಂದಿರಬೇಕು. ಭೂಸ್ವಾಧೀನದ ಪರಿಹಾರ ಬರುವ ಹೊತ್ತಿಗೆ ಖಾತೆ ಸತ್ತವರ ಹೆಸರಿನಲ್ಲಿದ್ದು, ಪಾಲುದಾರರಲ್ಲಿ ಒಮ್ಮತವೂ ಇರದಿದ್ದರೆ ಹಣ ಕೈಗೆ ಬರದೆ ಭೂಸ್ವಾಧೀನದ ಪ್ರಾಧಿಕಾರದಲ್ಲಿ ಠೇವಣಿಯಾಗಿ ಕೂರುತ್ತದೆ. ತಲೆಮಾರು ಹೆಚ್ಚಿದಷ್ಟೂ ಸಹಿ ಹಾಕಬೇಕಾದವರು ಹೆಚ್ಚುತ್ತಾರೆ. ಒಬ್ಬರು ಪುಣೆಯಲ್ಲಿ, ಒಬ್ಬರು ಗೋವಾದಲ್ಲಿ.

ಪಟ್ಟಣದ ಮನೆಯಾದರೆ ಸಿಟಿ ಸರ್ವೆ ಕಚೇರಿಯಲ್ಲಿ ಪ್ರಾಪರ್ಟಿ ಕಾರ್ಡ್‌ಗೂ, ಪಾಲಿಕೆ ಅಥವಾ ನಗರಸಭೆಯ ಖಾತೆಗೂ ಬೇರೆಬೇರೆ ಅರ್ಜಿ ಹಾಕಬೇಕು. ಒಂದು ಮಾಡಿಸಿ ಇನ್ನೊಂದನ್ನು ಮರೆಯಬೇಡಿ.

ಬ್ಯಾಂಕು, ಸೊಸೈಟಿ, ಸಕ್ಕರೆ ಕಾರ್ಖಾನೆ

ಪಿನ್ ಗೊತ್ತಿದೆಯೆಂದು ಮೃತರ ಎಟಿಎಂ ಕಾರ್ಡಿನಿಂದ ಹಣ ತೆಗೆಯಬೇಡಿ. ಒಡಹುಟ್ಟಿದವರ ನಡುವಿನ ಎಷ್ಟೋ ಸಂಶಯಗಳು ಅಲ್ಲಿಂದಲೇ ಶುರುವಾಗುತ್ತವೆ. ನಾಮಿನಿ ಇದ್ದರೆ ಬ್ಯಾಂಕ್ ಅವರಿಗೆ ಹಣ ಕೊಡುತ್ತದೆ. ನಾಮಿನಿ ಆ ಹಣವನ್ನು ವಾರಸುದಾರರ ಪರವಾಗಿ ಪಡೆಯುತ್ತಾರೆ, ಅವರೊಬ್ಬರೇ ಒಡೆಯರಾಗುವುದಿಲ್ಲ. ನಾಮಿನಿ ಇರದ ಖಾತೆಗಳಿಗೆ ರಿಸರ್ವ್ ಬ್ಯಾಂಕ್ 2025ರ ಸೆಪ್ಟೆಂಬರ್‌ನಲ್ಲಿ ಹೊಸ ನಿರ್ದೇಶನ ಕೊಟ್ಟಿತು. ಮೃತರ ವಿಲ್ ಆಗಲಿ, ವಾರಸುದಾರರಲ್ಲಿ ತಕರಾರಾಗಲಿ ಇಲ್ಲದಿದ್ದರೆ ವಾಣಿಜ್ಯ ಬ್ಯಾಂಕುಗಳಲ್ಲಿ 15 ಲಕ್ಷ ರೂಪಾಯಿ, ಸಹಕಾರಿ ಬ್ಯಾಂಕುಗಳಲ್ಲಿ 5 ಲಕ್ಷ ರೂಪಾಯಿವರೆಗೆ ಸರಳ ದಾಖಲೆಗಳ ಮೇಲೆ ಹಣ ಕೊಡಬೇಕು. ಪೂರ್ತಿ ಕಾಗದ ಕೊಟ್ಟ 15 ದಿನಗಳಲ್ಲಿ ಇತ್ಯರ್ಥ ಮಾಡಬೇಕು, ಬ್ಯಾಂಕಿನಿಂದಲೇ ತಡವಾದರೆ ಪರಿಹಾರ ಕೊಡಬೇಕು. ಅರ್ಜಿ ಕೊಟ್ಟ ದಿನ ಸ್ವೀಕೃತಿಯ ಸಹಿ, ಸಿಕ್ಕಾ ಹಾಕಿಸಿಕೊಳ್ಳದೆ ಬರಬೇಡಿ.

ನಮ್ಮ ಜನರ ಉಳಿತಾಯ ಬಹಳಷ್ಟು ಇರುವುದು ಪತ್ತಿನ ಸಹಕಾರಿ ಸಂಘಗಳಲ್ಲಿ, ಅಂದರೆ ಸೊಸೈಟಿಗಳಲ್ಲಿ. ಅವು ಬ್ಯಾಂಕುಗಳಲ್ಲದ ಕಾರಣ ಈ ನಿರ್ದೇಶನ ಅವುಗಳಿಗೆ ತಟ್ಟುವುದಿಲ್ಲ, ಆಯಾ ಸಂಘದ ಬೈಲಾ ಪ್ರಕಾರ ಕೇಳಬೇಕು. ಟ್ರಂಕಿನಲ್ಲಿರುವ ಪಿಗ್ಮಿ ಪುಸ್ತಕ, ಠೇವಣಿ ರಸೀದಿ, ಸಕ್ಕರೆ ಕಾರ್ಖಾನೆಯ ಷೇರು ಪತ್ರ, ಬಾಕಿ ಕಬ್ಬಿನ ಬಿಲ್ಲಿನ ಚೀಟಿ – ಎಲ್ಲ ಹುಡುಕಿ ಒಂದೆಡೆ ಪಟ್ಟಿ ಮಾಡಿ.

ಮೊತ್ತ ದೊಡ್ಡದಿದ್ದು ನಾಮಿನಿಯೂ ಇರದಿದ್ದರೆ, ಅಥವಾ ತಕರಾರಿದ್ದರೆ, ಸಿವಿಲ್ ನ್ಯಾಯಾಲಯದಿಂದ ಉತ್ತರಾಧಿಕಾರ ಪ್ರಮಾಣಪತ್ರ ತರಬೇಕಾಗಬಹುದು. ಪತ್ರಿಕಾ ಪ್ರಕಟಣೆ ಕೊಡಬೇಕು, ಮೊತ್ತಕ್ಕೆ ತಕ್ಕ ಕೋರ್ಟ್ ಶುಲ್ಕ ಕಟ್ಟಬೇಕು, ತಿಂಗಳುಗಟ್ಟಲೆ ಕಾಯಬೇಕು. ಹಾಗಾಗಿ ಇದು ಇಲ್ಲದೆ ಎಲ್ಲೆಲ್ಲಿ ಹಣ ಸಿಗುತ್ತದೆಯೋ ಅಲ್ಲಿ ಮೊದಲು ಪಡೆಯಿರಿ. ಈ ಪ್ರಮಾಣಪತ್ರ ಠೇವಣಿ, ಷೇರು, ಬರಬೇಕಾದ ಬಾಕಿಗಳಿಗೆ ಮಾತ್ರ, ಹೊಲ-ಮನೆಗೆ ನಡೆಯುವುದಿಲ್ಲ.

ತೆರಿಗೆಯ ಕೊನೆಯ ಲೆಕ್ಕ

ಏಪ್ರಿಲ್ 1ರಿಂದ ತೀರಿಕೊಂಡ ದಿನದವರೆಗಿನ ಆದಾಯ ಮೃತರದ್ದೇ. ಅದು ಮಿತಿ ಮೀರಿದ್ದರೆ ವಾರಸುದಾರರೊಬ್ಬರು ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಪ್ರತಿನಿಧಿಯಾಗಿ ನೋಂದಾಯಿಸಿಕೊಂಡು ಮೃತರ ಪರ ರಿಟರ್ನ್ ಸಲ್ಲಿಸಬೇಕು. ಠೇವಣಿ ಬಡ್ಡಿಯಲ್ಲಿ ಕಡಿತವಾದ ಟಿಡಿಎಸ್ ವಾಪಸು ಬರಬೇಕಿದ್ದರೂ ಇದೇ ದಾರಿ. ಮೃತರ ತೆರಿಗೆ ಬಾಕಿಗೆ ವಾರಸುದಾರರ ಹೊಣೆ ಅವರಿಂದ ಬಂದ ಆಸ್ತಿಯಷ್ಟಕ್ಕೇ. ಇದೆಲ್ಲ ಮುಗಿಯುವ ಮುನ್ನ ಮೃತರ ಪ್ಯಾನ್ ಹಿಂದಿರುಗಿಸಬೇಡಿ.

ಮುಂದೆ ಆಸ್ತಿ ಮಾರಿದರೆ ಲಾಭಕ್ಕೆ ತೆರಿಗೆ ಬೀಳಬಹುದು. ಆಗ ತಂದೆ ಕೊಂಡ ಬೆಲೆಯೇ ನಿಮ್ಮ ಖರೀದಿ ಬೆಲೆ. 2001ರ ಏಪ್ರಿಲ್ 1ಕ್ಕೂ ಮೊದಲಿನ ಆಸ್ತಿಗೆ ಆ ದಿನದ ಮೌಲ್ಯವನ್ನು ಹಿಡಿಯಬಹುದು. ಹಾಗಾಗಿ ಹಳೆಯ ಖರೀದಿ ಪತ್ರಗಳನ್ನು ಜೋಪಾನವಾಗಿಡಿ. ಹಳ್ಳಿಯ ಕೃಷಿ ಭೂಮಿಗೆ ಈ ತೆರಿಗೆ ಇಲ್ಲ. ಆದರೆ ಜನಸಂಖ್ಯೆ 1 ಲಕ್ಷ ದಾಟಿ 10 ಲಕ್ಷದೊಳಗಿರುವ ನಗರದ ಗಡಿಯಿಂದ ನೇರ ಅಳತೆಯಲ್ಲಿ 6 ಕಿಲೋಮೀಟರ್ ಒಳಗಿನ ಹೊಲಕ್ಕೆ ಆ ವಿನಾಯಿತಿ ಸಿಗುವುದಿಲ್ಲ. 2011ರ ಜನಗಣತಿಯಂತೆ ಬೆಳಗಾವಿ, ವಿಜಯಪುರ, ಬಾಗಲಕೋಟೆ ಮೂರೂ ಈ ಸಾಲಿನಲ್ಲೇ ಬರುತ್ತವೆ. ಊರಂಚಿನ ಹೊಲ ಮಾರುವವರು ಸಂಚಕಾರ ಪತ್ರಕ್ಕೆ (ಮುಂಗಡದ ಮಾರಾಟ ಕರಾರು) ಸಹಿ ಹಾಕುವ ಮೊದಲೇ ಲೆಕ್ಕಪರಿಶೋಧಕರಿಗೆ ಉತಾರ ತೋರಿಸಿ ಅಂತರ ಖಚಿತಪಡಿಸಿಕೊಳ್ಳಬೇಕು.