ಯೂರಿಯಾ ಮರೆತ ದಿನ

ಅಮೆರಿಕದ ಮೇನ್ ರಾಜ್ಯದ ಕಡಲ ತೀರದಲ್ಲಿ ಒಂದು ಬೇಸಿಗೆ ಪೂರ್ತಿ ನನಗೆ ಡಾಗ್‌ಫಿಶ್ ಎಂಬ ಪುಟ್ಟ ಶಾರ್ಕ್‌ಗಳದ್ದೇ ಕೆಲಸ. ಅದರ ಕರುಳಿನ ತುದಿಯಲ್ಲಿ ಕಿರುಬೆರಳಿನಂಥ ಒಂದು ಗ್ರಂಥಿ ಇರುತ್ತದೆ, ರೆಕ್ಟಲ್ ಗ್ಲಾಂಡ್. ಅದನ್ನು ಬಿಡಿಸಿ, ರಕ್ತನಾಳಕ್ಕೆ ಸಣ್ಣ ಕೊಳವೆ ಕಟ್ಟಿ, ರಕ್ತದ ಬದಲು ಅದರ ಲವಣಗಳನ್ನು ಹೋಲುವ ರಿಂಗರ್ ದ್ರಾವಣ ಹರಿಸಬೇಕು. ಇನ್ನೊಂದು ಕೊಳವೆಯಿಂದ ಬೀಳುವ ಹನಿ ಹಿಡಿಯಬೇಕು. ಈ ಗ್ರಂಥಿ ಉಪ್ಪು ಹೊರಹಾಕುತ್ತದೆ ಅಂತ ವೆಂಡೆಲ್ ಬರ್ಗರ್ ಮತ್ತು ಹೆಸ್ 1960ರಲ್ಲಿ ತೋರಿಸಿದ್ದು ಇದೇ ಮೀನಿನಲ್ಲಿ.

ಮೊದಲ ದಿನ ಗ್ರಂಥಿ ನೆನೆಸಿದ ಕಡಲೆಯ ಹಾಗೆ ಊದಿಕೊಂಡಿತು. ಹನಿ ಬೀಳಲೇ ಇಲ್ಲ. ಕೊಳವೆ ಕಟ್ಟಿಕೊಂಡಿದೆ ಅಂದುಕೊಂಡು ಒಂದು ಗಂಟೆ ಸುಮ್ನೆ ಅದನ್ನೇ ಬಿಚ್ಚಿ ಕಟ್ಟಿದೆ. ನಾನು ಮರೆತಿದ್ದು ಯೂರಿಯಾ! ಇಲಿಗೆ ದ್ರಾವಣ ಮಾಡಿ ಅಭ್ಯಾಸವಾದ ಕೈ. ಅಲ್ಲಿ ಯೂರಿಯಾ ಹಾಕುವ ಮಾತೇ ಇಲ್ಲ.

ಶಾರ್ಕಿನ ರಕ್ತದಲ್ಲಿ ಉಪ್ಪು ಸಮುದ್ರದ ನೀರಿನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಕೊರತೆ ತುಂಬುವುದು ಮುಖ್ಯವಾಗಿ ಯೂರಿಯಾ, ನಾವು ಗದ್ದೆಗೆ ಎರಚುವ ಅದೇ ಯೂರಿಯಾ. ಲೀಟರಿಗೆ ಸುಮಾರು 350 ಮಿಲಿಮೋಲ್, ಅಂದರೆ 21 ಗ್ರಾಂ. ನಮ್ಮ ರಕ್ತದಲ್ಲಿ ಇರುವುದು 5 ಮಿಲಿಮೋಲ್ ಆಸುಪಾಸು. ಇಷ್ಟು ಯೂರಿಯಾ ಇದ್ದರೆ ಪ್ರೋಟೀನುಗಳು ಕೆಡಬೇಕಲ್ವಾ? ಅದಕ್ಕೇ ಟಿಎಂಎಓ ಎಂಬ ಇನ್ನೊಂದು ವಸ್ತು ಕಾವಲಿಗಿರುತ್ತದೆ. ಹೀಗಾಗಿ ಕಡಲು ಶಾರ್ಕಿನ ನೀರು ಹೀರುವುದಿಲ್ಲ. ಬದಲಿಗೆ ನೀರೇ ಒಂದಿಷ್ಟು ಒಳಗೆ ಜಿನುಗುತ್ತದೆ. ಯೂರಿಯಾ ಇಲ್ಲದ ನನ್ನ ದ್ರಾವಣ ತೀರಾ ತೆಳುವಾಗಿತ್ತು, ಅದರ ನೀರು ಒಳನುಗ್ಗಿಯೇ ಗ್ರಂಥಿ ಊದಿದ್ದು. (ಮಂಗಳೂರು ಕಡೆ ಹಳೇ ತಾಟೆ ಮೀನು, ಅಂದರೆ ಶಾರ್ಕ್, ಮೂಗಿಗೆ ಚುಚ್ಚುವುದೂ ಇದರಿಂದಲೇ. ಬ್ಯಾಕ್ಟೀರಿಯಾ ಯೂರಿಯಾ ಒಡೆದು ಅಮೋನಿಯಾ ಮಾಡುತ್ತವೆ.)

ಮರುದಿನ ಯೂರಿಯಾ ತೂಗಿ ಹಾಕಿದೆ. ದ್ರಾವಣವನ್ನು 15 ಡಿಗ್ರಿಯಲ್ಲಿಟ್ಟು, ಗ್ರಂಥಿಯನ್ನು ಚುರುಕುಗೊಳಿಸುವ ಫೋರ್ಸ್‌ಕೋಲಿನ್ ಬೆರೆಸಿದೆ. ಕೆಲವೇ ನಿಮಿಷಗಳಲ್ಲಿ ಟಪ್ ಟಪ್ ಶುರು. ಅಳೆದರೆ, ಒಳಗೆ ಹೋದ ದ್ರಾವಣದ ಸುಮಾರು ಎರಡು ಪಟ್ಟು ಉಪ್ಪು. ಯೂರಿಯಾ ಮಾತ್ರ ಹೆಸರಿಗಷ್ಟೇ. ಯೂರಿಯಾದಲ್ಲಿ ಮುಳುಗಿರುವ ಗ್ರಂಥಿ ಅದನ್ನು ಸೋರಲು ಬಿಡುವುದಿಲ್ಲ. ಆ ದಿನ ನಾನು ಊಟಕ್ಕೇ ಏಳಲಿಲ್ಲ.

ಸಿಹಿನೀರಿನಲ್ಲಿ ಲೆಕ್ಕ ತಿರುವುಮುರುವು. ನದಿ ಹತ್ತುವ ಬುಲ್ ಶಾರ್ಕ್ ಯೂರಿಯಾವನ್ನು ಅರ್ಧದಷ್ಟಕ್ಕೆ ಇಳಿಸುತ್ತದೆ, ತೆಳು ಮೂತ್ರ ಸುರಿಸುತ್ತದೆ. ದಕ್ಷಿಣ ಅಮೆರಿಕದ ನದಿ ತೊರಕೆಗಳು, ಶಾರ್ಕಿನ ನೆಂಟರಾದ ಚಪ್ಪಟೆ ಮೀನುಗಳು, ಇನ್ನೂ ಮುಂದೆ ಹೋಗಿವೆ. ಯೂರಿಯಾ ಕೂಡಿಡುವುದನ್ನೇ ಬಿಟ್ಟಿವೆ, ಗ್ರಂಥಿಯೂ ಸೊರಗಿದೆ. ಅವಕ್ಕೆ ನನ್ನ ಮೊದಲ ದಿನದ ದ್ರಾವಣ ಕೊಟ್ಟಿದ್ದರೆ ಯೂರಿಯಾ ಇಲ್ಲದ್ದು ಸರಿಯೇ, ಆದರೆ ಉಪ್ಪು ಜಾಸ್ತಿ.