ಎರಡು ಸಲ ವಾಪಸ್ ಬಂದ ಅರ್ಜಿಗೆ ಮೂರನೇ ಸಲ ದುಡ್ಡು ಬಂತು

"ಅಲ್ಲಿ ಯಾರೂ ಸತ್ತೇ ಇಲ್ಲವಲ್ರೀ, ಅನುದಾನ ಯಾಕೆ ಕೊಡ್ತಾರೆ?" ಅಂತ ನಮ್ಮ ಕಚೇರಿಯಲ್ಲೇ ನಕ್ಕವರಿದ್ದರು. ಶಾಲೆ ಮುಂದಿನ ಆ ಜಂಕ್ಷನ್‌ಗೆ ನಾವು ಕೇಳಿದ್ದ ರಸ್ತೆ ಸುರಕ್ಷತೆಯ ಅನುದಾನದಲ್ಲಿ ಈಗ ಹೆಚ್ಚುಕಡಿಮೆ ಮುಕ್ಕಾಲು ಪಾಲು ಮಂಜೂರಾಗಿದೆ.

ಮೊದಲ ಅರ್ಜಿ ನನ್ನದೇ ತಪ್ಪು. ಚರಂಡಿ, ದೀಪ, ಫುಟ್‌ಪಾತ್ ಎಲ್ಲ ತುರುಕಿದ್ದೆ. ಇದು ರಸ್ತೆ ಅಭಿವೃದ್ಧಿ, ಸುರಕ್ಷತೆಯಲ್ಲ ಅಂತ ಅನುದಾನ ಕೊಡುವವರು ಒಂದೇ ಸಾಲು ಬರೆದು ವಾಪಸ್ ಕಳಿಸಿದರು. ಡಿಪಿಆರ್ (ವಿವರವಾದ ಯೋಜನಾ ವರದಿ) ಮಾಡಿಸಿದ ದುಡ್ಡು ನಮ್ಮ ಸ್ವಂತ ನಿಧಿಯದು, ಪೂರ್ತಿ ಹೋಯಿತು. ಎರಡನೇ ಸಲ ಜಂಕ್ಷನ್ ಒಂದನ್ನೇ ಹಿಡಿದು ಪೊಲೀಸ್ ದಾಖಲೆ ಲಗತ್ತಿಸಿದೆ. ಮೂರು ವರ್ಷಕ್ಕೆ ಐದೋ ಆರೋ ಅಪಘಾತ, ನಡುವಿನ ವರ್ಷ ಸೊನ್ನೆ. ಇಷ್ಟು ಸಣ್ಣ ಸಂಖ್ಯೆ ಏನೂ ಮಾಡದಿದ್ದರೂ ಏರುತ್ತೆ, ಇಳಿಯುತ್ತೆ. ಅದನ್ನಿಟ್ಟುಕೊಂಡು ವಾದ ಮಾಡೋಕಾಗುತ್ತಾ? ಮತ್ತೆ ವಾಪಸ್.

ಮೂರನೇ ಸಲ ಅಪಘಾತ ಬಿಟ್ಟು, ಸ್ವಲ್ಪದರಲ್ಲಿ ತಪ್ಪಿದವನ್ನು ಎಣಿಸಿದೆ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದಲ್ಲಿ ಕ್ರಿಸ್ಟರ್ ಹೈಡನ್ 1980ರ ದಶಕದಲ್ಲೇ ಇಂಥ ವಿಧಾನ ಬೆಳೆಸಿದ್ದರು. ನಾನು ಅದನ್ನು ನಮಗೆ ಆಗುವಷ್ಟಕ್ಕೆ ಸರಳ ಮಾಡಿಕೊಂಡೆ. ಎದುರಿನ ಮಹಡಿಯಲ್ಲಿ ಹಳೇ ಫೋನ್ ಇಟ್ಟು ಶಾಲೆ ಶುರುವಾಗುವ, ಬಿಡುವ ಹೊತ್ತಿಗೆ ರೆಕಾರ್ಡಿಂಗ್. ಮೊದಲ ದಿನ ಫೋನ್ ಬಿಸಿಯಾಗಿ ಆಫ್ ಆಯಿತು. ಎರಡನೇ ದಿನ ಮರದ ಕೊಂಬೆ ಅಡ್ಡ. ಆಮೇಲೆ ನಾಲ್ಕು ದಿನ ಚೆನ್ನಾಗಿ ಸಿಕ್ಕಿತು. ಮಗು ದಾಟಿದ ಜಾಗಕ್ಕೆ ಒಂದೂವರೆ ಸೆಕೆಂಡಿನೊಳಗೆ ಗಾಡಿ ಬಂದರೆ ಒಂದು ಗೆರೆ. ಅರವತ್ತರ ಮೇಲಾಯಿತು. ಒಂದು ತುಣುಕಿನಲ್ಲಿ ಹುಡುಗಿಯೊಬ್ಬಳು ಚಿಕ್ಕವಳ ಬ್ಯಾಗ್ ಹಿಡಿದು ಹಿಂದಕ್ಕೆಳೆಯುತ್ತಾಳೆ, ಜಿಪ್ ಕಿತ್ತು ಪುಸ್ತಕ ರಸ್ತೆಗೆ ಬೀಳುತ್ತೆ, ವ್ಯಾನ್ ಬ್ರೇಕೂ ಹಾಕದೆ ಹೋಗುತ್ತೆ. ಇದು ಯಾವ ದಾಖಲೆಯಲ್ಲೂ ಇಲ್ಲ.

ಜೊತೆಗೆ ವೇಗ ಅಳೆದೆವು. ನೂರರಲ್ಲಿ ಎಂಬತ್ತೈದು ಗಾಡಿ 52 ಕಿಲೋಮೀಟರ್ ಆಸುಪಾಸಿನೊಳಗಿದ್ದವು, ಶಾಲೆ ಮುಂದೆ ಇದು ಜಾಸ್ತಿಯೇ. ಸರಾಸರಿ ವೇಗ ಶೇ 1 ಇಳಿದರೆ ಸಾವು ಸುಮಾರು ಶೇ 4 ಇಳಿಯುತ್ತೆ ಅನ್ನುವುದು ಸ್ವೀಡನ್ನಿನ ಸಂಶೋಧಕ ನಿಲ್ಸನ್ ಅವರ ಲೆಕ್ಕ, ಲಾಭ-ವೆಚ್ಚದ ಪಟ್ಟಿಗೆ ಅದನ್ನೇ ಹಿಡಿದೆ.

ನಡುವೆ ಒಂದಷ್ಟು ಹುಚ್ಚಾಟವೂ ಆಯಿತು. ಗಾಡಿ ಹತ್ತಿದರೆ ಗಡಗಡ ಅನ್ನುವ ರಂಬಲ್ ಪಟ್ಟಿ ಹಾಕಿದೆವು, ರಾತ್ರಿ ಸದ್ದಿಗೆ ಅಕ್ಕಪಕ್ಕದವರು ಜಗಳಕ್ಕೆ ಬಂದು ವಾರದಲ್ಲಿ ಕೀಳಿಸಿದರು. ರಸ್ತೆ ಕಿರಿದಾಗಿ ಕಾಣಲಿ ಅಂತ ಬಿಳಿ ಗೆರೆ ಎಳೆಸಿದೆ, ಹತ್ತು ದಿನಕ್ಕೆ ಚಾಲಕರಿಗೆ ಅಭ್ಯಾಸವಾಗಿ ವೇಗ ಮೊದಲಿನಂತೆಯೇ. ಕೆಲಸ ಮಾಡಿದ್ದು ಕೋನ್ ಇಟ್ಟು, ಗಾಡಿ ನಿಧಾನವಾಗಿಯೇ ತಿರುಗುವಂತೆ ತಿರುವಿನ ಮೂಲೆ ಬಿಗಿ ಮಾಡಿದ್ದು. ಅರ್ಧ ಕೋನ್ ಚಪ್ಪಟೆಯಾದವು, ಆಮೇಲೆ ಮರಳು ಮೂಟೆ ಇಟ್ಟೆವು. ವೇಗ 40ರ ಹತ್ತಿರಕ್ಕಿಳಿಯಿತು. ಆ ಮೊದಲು-ನಂತರದ ಲೆಕ್ಕವೇ ಅರ್ಜಿಯ ಜೀವ.

ದುಡ್ಡಿನ ವಿಷಯ: ನಮ್ಮ ಪಾಲು ಐದರಲ್ಲೊಂದು. ಅದನ್ನು ಕೊಡುತ್ತೇವೆ ಅನ್ನುವ ಸಭೆಯ ನಿರ್ಣಯ ಸಹಿಯಾಗಿ ಕೈಗೆ ಬರದೆ ಅರ್ಜಿ ಕಳಿಸಲೇಬೇಡಿ. ಐದು ವರ್ಷ ಬಣ್ಣ ಬಳಿಯುವ ಖರ್ಚು ನಮ್ಮದೇ ಅಂತಲೂ ಬರೆದುಕೊಟ್ಟೆ, ಅದು ಅವರಿಗೆ ಹಿಡಿಸಿತು. ಮೊದಲ ಪುಟದಲ್ಲಿ ಏನಿಟ್ಟೆ ಅನ್ನೋದು ಮಾತ್ರ ಹೇಳಲ್ಲ, ಮುಂದಿನ ಸುತ್ತಿಗೆ ನಾವೂ ಅರ್ಜಿ ಹಾಕುವವರೇ ಅಲ್ವಾ.

ಕಡಿತವಾದ ಕಾಲು ಪಾಲಿನಲ್ಲಿ ದೀಪಗಳು ಹೋದವು. ಟೇಬಲ್ ಹಂಪ್ (ಮೇಲೆ ಚಪ್ಪಟೆಯಾಗಿರುವ ಅಗಲದ ರಸ್ತೆ ಉಬ್ಬು) ಕೆಲಸ ಮುಗಿದ ಆರು ತಿಂಗಳಿಗೆ ಮತ್ತೆ ಎಣಿಸಿ ಕೊಡಬೇಕಂತೆ. ಆ ಕೊಂಬೆ ಆಗಲೇ ಚಿಗುರಿ ಅಡ್ಡ ಬಂದಿದೆ, ಮೊದಲು ಅದನ್ನು ಕಡಿಸಬೇಕು.